ಡಿಮ್ಮರ್ ಹಾಕಿದ ಬಲ್ಬ್ ಗುಂಯ್‌ಗುಡುವುದೇಕೆ?

ಡಿಮ್ಮರಿಗೆ ಜೋಡಿಸಿದ ಬಲ್ಬಿನ ಗುಂಯ್ ಸದ್ದಿಗೆ ಮೂಲ, ಡಿಮ್ಮರ್ ಬೆಳಕನ್ನು ತಗ್ಗಿಸುವ ರೀತಿಯಲ್ಲೇ ಇದೆ. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯ ಮನೆಗಳಿಗೆ ಹೆಸ್ಕಾಂ ಕೊಡುವುದು, ದೇಶದ ಉಳಿದೆಡೆಯಂತೆ, 230 ವೋಲ್ಟಿನ, 50 ಹರ್ಟ್ಸ್‌ನ ಎಸಿ ವಿದ್ಯುತ್ತು. ಅದರ ಅಲೆ ಸೆಕೆಂಡಿಗೆ 100 ಸಲ ಸೊನ್ನೆ ದಾಟುತ್ತದೆ. ಡಿಮ್ಮರಿನೊಳಗಿನ ಟ್ರಯಾಕ್ ಎಂಬ ಸ್ವಿಚ್ಚು ಪ್ರತಿ ಅರ್ಧ ಅಲೆಯ ಮೊದಲ ಭಾಗವನ್ನು ತಡೆದು, ಉಳಿದದ್ದನ್ನು ಮಾತ್ರ ಬಲ್ಬಿಗೆ ಬಿಡುತ್ತದೆ. ಬೆಳಕು ಅರ್ಧಕ್ಕಿಳಿದಾಗ ಅದು ತೆರೆದುಕೊಳ್ಳುವುದು ಅಲೆಯ ನೆತ್ತಿಯ ಹತ್ತಿರ. ಆಗ ಬಲ್ಬಿನ ಮೇಲೆ ಒಮ್ಮೆಲೇ ಸುಮಾರು 325 ವೋಲ್ಟ್ ಎರಗುತ್ತದೆ. ನಡು ಬೆಳಕಿನಲ್ಲಿ ಸದ್ದು ಜೋರಾಗಿ, ಪೂರ್ತಿ ಬೆಳಕಿನಲ್ಲಿ ಅಡಗುವುದು ಇದಕ್ಕೇ.

ಹಳೆಯ ಬಲ್ಬಿನಲ್ಲಿ ಈ ಹೊಡೆತ ಬೀಳುವುದು ಟಂಗ್‌ಸ್ಟನ್ ತಂತಿಯ ಸುರುಳಿಗೆ. ವಿದ್ಯುತ್ತು ನುಗ್ಗಿದಾಗಲೆಲ್ಲ ಅದರ ಒತ್ತೊತ್ತಾದ ಸುತ್ತುಗಳು ಕಾಂತಬಲದಿಂದ ಒಂದನ್ನೊಂದು ಸೆಳೆದು, ಮತ್ತೆ ಸಡಿಲಗೊಂಡು ಕಂಪಿಸುತ್ತವೆ. ಎಲ್‌ಇಡಿ ಬಲ್ಬಿನ ಬುಡದಲ್ಲಿರುವ ಡ್ರೈವರಿನಲ್ಲಿ ಕಾಯಿಲ್‌ಗಳೂ ಸೆರಾಮಿಕ್ ಕೆಪಾಸಿಟರ್‌ಗಳೂ ಇರುತ್ತವೆ. ವೋಲ್ಟೇಜ್ ಏರಿಳಿದಂತೆ ಕೆಲವು ಬಗೆಯ ಸೆರಾಮಿಕ್ ತುಸುವೇ ಹಿಗ್ಗಿ ಕುಗ್ಗುತ್ತದೆ. ಅದನ್ನು ಬೆಸೆದ ಸರ್ಕ್ಯೂಟ್ ಹಲಗೆಯೂ ಜೊತೆಗೆ ನಡುಗಿ ಪುಟ್ಟ ಸ್ಪೀಕರಿನಂತಾಗುತ್ತದೆ.

ಡಿಮ್ಮರ್ ಇಲ್ಲದ ಮನೆಗೂ ಈ ಸದ್ದು ಹೊಸದಲ್ಲ. ಹಂತಗಳಿಲ್ಲದೆ ನುಣ್ಣಗೆ ತಿರುಗುವ ರೆಗ್ಯುಲೇಟರಿನಲ್ಲಿ ಫ್ಯಾನು ನಿಧಾನಕ್ಕೆ ತಿರುಗುವಾಗ ಗುನುಗುವುದೂ ಟ್ರಯಾಕಿನಿಂದಲೇ. ಟಕ್ ಟಕ್ ಎಂದು ಹಂತಹಂತವಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಅಲೆಯನ್ನು ಕತ್ತರಿಸದ ಕಾರಣ ಅಲ್ಲಿ ಆ ಗುನುಗು ಇಲ್ಲ. ಹಾಗೆಂದು ಅದನ್ನು ಎಲ್‌ಇಡಿ ಬಲ್ಬಿಗೆ ಜೋಡಿಸಬಾರದು. ಅದು ಫ್ಯಾನಿಗೆಂದೇ ಲೆಕ್ಕಹಾಕಿ ಮಾಡಿದ್ದು.

ಸದ್ದು ತಗ್ಗಿಸಲು ಮೊದಲು ನೋಡಬೇಕಾದ್ದು ಬಲ್ಬನ್ನೇ. ಅಗ್ಗದ ಎಲ್‌ಇಡಿಗಳಲ್ಲಿ ಹೆಚ್ಚಿನವು ಸಾಮಾನ್ಯ ಸ್ವಿಚ್ಚಿಗೆಂದು ತಯಾರಾದವು. ಪೊಟ್ಟಣದ ಮೇಲೆ ‘ಡಿಮ್ಮಬಲ್’ ಎಂದು ಬರೆದಿರದಿದ್ದರೆ ಅವು ಡಿಮ್ಮರಿನಲ್ಲಿ ಗುಂಯ್‌ಗುಟ್ಟಿ, ಮಿಣುಕಿ, ಬೇಗ ಕೆಡುತ್ತವೆ. ಹಳೆಯ ಡಿಮ್ಮರಿಗೆ ಕನಿಷ್ಠ ಇಷ್ಟು ವ್ಯಾಟ್ ಹೊರೆ ಬೇಕೆಂಬ ನಿಯಮವೂ ಇರುತ್ತದೆ. 60 ವ್ಯಾಟ್ ಬೇಡುವ ಡಿಮ್ಮರಿಗೆ 9 ವ್ಯಾಟಿನ ಒಂದೇ ಬಲ್ಬ್ ಸಾಲದು. ತಂತಿ ಬಲ್ಬಾದರೆ ಒಳ್ಳೆಯ ಚೋಕ್ ಇರುವ ಡಿಮ್ಮರ್ ಕೊಳ್ಳಬೇಕು. ಚೋಕ್ ವಿದ್ಯುತ್ತಿನ ನೆಗೆತವನ್ನು ಇಳಿಜಾರಾಗಿಸಿ ಹೊಡೆತದ ಮೊನಚು ಕಳೆಯುತ್ತದೆ. ಎಲ್‌ಇಡಿಗೆ ಹೆಚ್ಚಾಗಿ ಒಗ್ಗುವುದು ಅಲೆಯ ತಲೆಯ ಬದಲು ಬಾಲವನ್ನು ಕತ್ತರಿಸುವ ಡಿಮ್ಮರ್. ಅಲ್ಲಿ ವೋಲ್ಟೇಜ್ ಸೊನ್ನೆಯಿಂದ ಮೆಲ್ಲಗೆ ಏರುತ್ತದೆ. ಬೆಲೆ ಹೆಚ್ಚಾದರೂ ಮಲಗುವ ಕೋಣೆಗೆ ಅದೇ ಯೋಗ್ಯ.

ಬಲ್ಬ್ ಸುಮ್ಮನಿದ್ದು ಡಿಮ್ಮರೇ ಗುಂಯ್‌ಗುಟ್ಟುತ್ತ ಕೈಗೆ ಬಿಸಿ ತಾಗುವಷ್ಟು ಕಾದರೆ ಹೊರೆ ಮೀರಿರಬಹುದು, ವೈರ್ ಸಡಿಲಾಗಿರಲೂಬಹುದು. ಆಗ ಮೇನ್ ಸ್ವಿಚ್ ಆರಿಸಿ ವೈರ್‌ಮನ್‌ನನ್ನು ಕರೆಸಬೇಕು.