ಹಿತ್ತಿಲ ಕೋಳಿಯೂ ಕೈತೋಟವೂ



ಹಳ್ಳಿಗಳಲ್ಲಿ ಕೈತೋಟದ ಮಾತೆತ್ತಿದಾಗ ನನಗೆ ಸಿಕ್ಕುವ ಉತ್ತರ ಬಹುಮಟ್ಟಿಗೆ ಒಂದೇ: “ಸ್ವಾಮಿ, ಬೀಜ ಕೊಟ್ಟರೆ ಬೇಡವೆನ್ನುವುದಿಲ್ಲ. ಆದರೆ ಕೋಳಿಗಳು ಉಳಿಸಬೇಕಲ್ಲ!” ಈ ಮಾತು ಸುಳ್ಳಲ್ಲ. ಮೆಂತ್ಯದ ಮಡಿಯಲ್ಲಿ ಒಂದು ಹೇಂಟೆ ಮರಿಗಳೊಡನೆ ಅರ್ಧ ಗಂಟೆ ಕೆದಕಿತೆಂದರೆ ಮತ್ತೆ ಬಿತ್ತಬೇಕಾಗುವುದು. ಆದುದರಿಂದಲೇ ಎಷ್ಟೋ ಕಡೆ ಕೋಳಿ ಇರುವ ಮನೆಯಲ್ಲಿ ತೋಟವಿಲ್ಲ, ತೋಟ ಮಾಡಿದವರು ಕೋಳಿಯನ್ನು ಸಂತೆಗೆ ಹೊಡೆದಿದ್ದಾರೆ. ಎರಡನ್ನೂ ಒಂದೇ ಹಿತ್ತಿಲಲ್ಲಿ ಇಟ್ಟುಕೊಳ್ಳಬಹುದು. ಹೇಗೆಂಬುದನ್ನು ತಿಳಿಸಲು ಈ ನಾಲ್ಕು ಮಾತು.

ನಿಮ್ಮ ಹಿತ್ತಿಲು ಒಂದು ಗುಂಟೆ, ಅಂದರೆ ೩೩ ಅಡಿ ಉದ್ದ ೩೩ ಅಡಿ ಅಗಲ ಇದೆಯೆಂದು ತಿಳಿಯೋಣ. ಅದನ್ನು ನಡುವೆ ಒಂದು ತಡಿಕೆಯಿಂದ ಎರಡು ಭಾಗ ಮಾಡಿರಿ. ಬಿದಿರಿನ ದಬ್ಬೆ, ತೊಗರಿ ಕಟ್ಟಿಗೆ, ಯಾವುದಾದರೂ ಆದೀತು. ನಾಲ್ಕಡಿ ಎತ್ತರವಿರಲಿ, ಬುಡದಲ್ಲಿ ಮರಿ ನುಸುಳುವಷ್ಟು ಸಂದು ಇರಬಾರದು. ಹಾರುವ ಅಭ್ಯಾಸವಿರುವ ಕೋಳಿಗೆ ಒಂದೇ ಕಡೆಯ ರೆಕ್ಕೆಯ ದೊಡ್ಡ ಗರಿಗಳ ತುದಿಯನ್ನು ಕತ್ತರಿಸಿದರೆ ಅದು ತೂಕ ತಪ್ಪಿ ಹಾರಲಾರದು. ರಕ್ತವಿರುವ ಎಳೆ ಗರಿಯನ್ನು ಮಾತ್ರ ಮುಟ್ಟಬಾರದು.

ಒಂದು ಭಾಗದಲ್ಲಿ ಸೊಪ್ಪು, ಬದನೆ, ಮೆಣಸಿನ ಗಿಡ. ಇನ್ನೊಂದು ಭಾಗ ಕೋಳಿಗಳದು. ಅಲ್ಲಿಯೂ ನೆಲ ಬರಿದಾಗಿರಬೇಕಾದುದಿಲ್ಲ. ಅವರೆ, ಹೀರೆ, ಸೋರೆಗಳನ್ನು ಚಪ್ಪರಕ್ಕೆ ಹಬ್ಬಿಸಿರಿ. ಬಳ್ಳಿ ಎತ್ತರಕ್ಕೆ ಹೋಗುವವರೆಗೆ ಬುಡಕ್ಕೆ ಮುಳ್ಳು ಸುತ್ತಿದರೆ ಸಾಕು. ಆಮೇಲೆ ಚಪ್ಪರದ ಕೆಳಗೆ ಕೋಳಿಗೆ ನೆರಳು, ಮೇಲಿನಿಂದ ಬಿದ್ದ ಹುಳು ಅದಕ್ಕೆ ಆಹಾರ. ನುಗ್ಗೆ, ಕರಿಬೇವು, ಪರಂಗಿ ಗಿಡಗಳೂ ಈ ಕಡೆಗೇ ಇರಲಿ. ಬದನೆ ಗಿಡ ಮುದಿಯಾಗಿ ಕಿತ್ತ ಮೇಲೆ ತಡಿಕೆಯ ಬಾಗಿಲು ತೆಗೆದು, ಹದಿನೈದು ದಿನ ಕೋಳಿಗಳನ್ನು ಆ ಭಾಗಕ್ಕೆ ಬಿಡಿರಿ. ಮಣ್ಣಿನಲ್ಲಡಗಿದ ಹುಳು, ಕೋಶ, ಕಳೆಯ ಬೀಜ ಇವನ್ನು ಅವು ಹುಡುಕಿ ತಿನ್ನುವಷ್ಟು ಚೊಕ್ಕಟವಾಗಿ ಯಾವ ಕೂಲಿಯಾಳೂ ತೆಗೆಯಲಾರ. ಆದರೆ ಗಿಡಕ್ಕೆ ಕೀಟನಾಶಕ ಹೊಡೆದಿದ್ದರೆ, ಅದರ ಅವಧಿ ತೀರುವ ತನಕ ಕೋಳಿಯನ್ನು ಅತ್ತ ಬಿಡಕೂಡದು.

ಇನ್ನು ಗೊಬ್ಬರದ ವಿಚಾರ. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೃಷಿ ಡಿಪ್ಲೊಮಾ ಮುಗಿಸಿ ಊರಿಗೆ ಬಂದ ಹೊಸತರಲ್ಲಿ, ನಮ್ಮ ತಾಯಿ ನೆಟ್ಟಿದ್ದ ಮೆಣಸಿನ ಸಸಿಗಳ ಬುಡಕ್ಕೆ ಕೋಳಿ ಗೂಡಿನ ಹಸಿ ಹಿಕ್ಕೆಯನ್ನು ಬುಟ್ಟಿಗಟ್ಟಲೆ ಸುರಿದೆ. ಓದಿದವನ ಹುಮ್ಮಸ್ಸು! ವಾರದೊಳಗೆ ಎಲೆಯಂಚು ಸುಟ್ಟು ಸಸಿಗಳು ಬಾಡಿಹೋದುವು. ತಾಯಿ ಏನೂ ಅನ್ನಲಿಲ್ಲ. ಮಾರನೆಯ ವಾರ ಸಂತೆಯಿಂದ ಬೇರೆ ಸಸಿ ತಂದು ನೆಟ್ಟರು. ನಾನು ಹತ್ತಿರ ಹೋಗದಂತೆ ನೋಡಿಕೊಂಡರು.

ಆದುದಿಷ್ಟೆ. ಕೋಳಿ ಗೊಬ್ಬರದಲ್ಲಿ ನೂರಕ್ಕೆ ಸುಮಾರು ಮೂರು ಪಾಲು ಸಾರಜನಕವಿದೆ. ನಮ್ಮ ತಿಪ್ಪೆಯ ಗೊಬ್ಬರದಲ್ಲಿ ಸುಮಾರು ಅರ್ಧ ಪಾಲು ಮಾತ್ರ. ಹಸಿಯಾಗಿರುವಾಗ ಇದರಿಂದ ಅಮೋನಿಯಾ ಎಂಬ ಅನಿಲ ಏಳುತ್ತದೆ. ಗೂಡಿನ ಬಾಗಿಲು ತೆರೆದಾಗ ಕಣ್ಣುರಿಸುವ ಘಾಟು ಅದೇ. ಅದು ಎಳೆಯ ಬೇರನ್ನು ಸುಡುತ್ತದೆ. ಬಯಲಿನಲ್ಲಿ ಹಾಗೆಯೇ ಬಿಟ್ಟರೆ ತಿಂಗಳೊಳಗೆ ಸಾರಜನಕದ ಅರ್ಧದಷ್ಟು ಗಾಳಿಯ ಪಾಲಾಗುವುದು. ಹಸಿ ಹಾಕಿದರೆ ಗಿಡಕ್ಕೆ ಕೇಡು, ಬಿಸಿಲಿಗೆ ಬಿಟ್ಟರೆ ಗೊಬ್ಬರಕ್ಕೆ ನಷ್ಟ.

ಆದ್ದರಿಂದ ಗೂಡಿನ ನೆಲಕ್ಕೆ ಮೂರು ನಾಲ್ಕು ಅಂಗುಲ ದಪ್ಪ ಭತ್ತದ ಹೊಟ್ಟನ್ನೋ ಕಡಲೆಕಾಯಿ ಸಿಪ್ಪೆಯನ್ನೋ ಹರಡಿರಿ. ಎರಡು ದಿನಕ್ಕೊಮ್ಮೆ ಕೆದರಿರಿ, ನೀರು ಸೋಕಬಾರದು. ಅದು ಗಂಟುಗಟ್ಟಿದಾಗ ತೆಗೆದು, ನೆರಳಿನ ಗುಂಡಿಯಲ್ಲಿ ಒಣ ತರಗು, ಕಸಕಡ್ಡಿಗಳೊಡನೆ ಪದರ ಪದರವಾಗಿ ತುಂಬಿ, ಸ್ವಲ್ಪ ನೀರು ಚಿಮುಕಿಸಿ, ಮೇಲೆ ಮಣ್ಣು ಮುಚ್ಚಬೇಕು. ಮೂರು ತಿಂಗಳಿಗೆ ಘಾಟು ಹೋಗಿ ಕಪ್ಪಗೆ ಉದುರುದುರಾಗುವುದು. ಒಂದು ಕೋಳಿ ದಿನಕ್ಕೆ ಸುಮಾರು ೧೦೦ ಗ್ರಾಂ ಹಿಕ್ಕೆ ಹಾಕುತ್ತದೆ. ಅದರಲ್ಲಿ ಅರ್ಧ ಗೂಡಿನಲ್ಲಿ ಬಿತ್ತೆಂದರೂ ಹತ್ತು ಕೋಳಿಗಳಿಂದ ವರ್ಷಕ್ಕೆ ೧೮೦ ಕಿಲೋ ಆಗುವುದು. ಒಂದು ಗುಂಟೆಯ ತೋಟಕ್ಕೆ ಇದು ಸಣ್ಣ ಆಸರೆಯಲ್ಲ. ಕೊತ್ತಂಬರಿ, ಮೂಲಂಗಿಯಂಥ ಹಸಿಯಾಗಿ ತಿನ್ನುವ ಬೆಳೆಗೆ ಚೆನ್ನಾಗಿ ಕಳಿತ ಗೊಬ್ಬರವನ್ನಲ್ಲದೆ ಬೇರೆಯದನ್ನು ಹಾಕಲೇಬಾರದು. ಹಸಿ ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳಿರುತ್ತವೆ.

ತೋಟವೂ ಈ ಸಾಲವನ್ನು ತೀರಿಸುತ್ತದೆ. ಬಲಿತ ದಂಟಿನ ಸೊಪ್ಪು, ನುಗ್ಗೆ ಸೊಪ್ಪು ಕೋಳಿಗೆ ಹಾಕಿದರೆ ಮೊಟ್ಟೆಯ ಭಂಡಾರ ಕಡು ಹಳದಿಯಾಗುವುದು. ಹಳೆಯ ಮಡಕೆಯಲ್ಲಿ ಒದ್ದೆ ಹುಲ್ಲು, ಸಗಣಿ ತುಂಬಿ ಗೆದ್ದಲಿರುವ ಕಡೆ ಸಂಜೆ ಬೋರಲು ಹಾಕಿರಿ. ಬೆಳಿಗ್ಗೆ ಎತ್ತಿ ಮರಿಗಳ ಮುಂದೆ ಕೊಡವಿರಿ. ದುಡ್ಡಿಲ್ಲದ ಮೇವು.

ತಳಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ೧೯೮೯ರಲ್ಲಿ ಹೊರತಂದ ಗಿರಿರಾಜ ಕೋಳಿ ನಾಟಿಗಿಂತ ಬೇಗ ಬೆಳೆದು ಹೆಚ್ಚು ಮೊಟ್ಟೆಯಿಡುತ್ತದೆ, ಆದರೆ ಕಾವಿಗೆ ಕೂರುವುದಿಲ್ಲ. ಮೊಟ್ಟೆಗೆ ೨೧ ದಿನ ಕಾವು ಕೊಡಲು ನಾಟಿ ಹೇಂಟೆಯೇ ಬೇಕು. ಆದ್ದರಿಂದ ಎರಡು ನಾಟಿ ಹೇಂಟೆಗಳನ್ನು ಕಳೆದುಕೊಳ್ಳಬೇಡಿರಿ.

ಇಷ್ಟೆಲ್ಲ ಮಾಡಿಯೂ ಒಂದನ್ನು ಮರೆತರೆ ಎಲ್ಲವೂ ನೀರುಪಾಲು. ಅದು ಕೊಕ್ಕರೆ ರೋಗ. ಕುಮಾವೂನ್ ಗುಡ್ಡಗಳ ರಾಣಿಖೇತ್ ಊರಿನ ಹೆಸರಿನಿಂದ ಇದನ್ನು ರಾಣಿಖೇತ್ ರೋಗವೆಂದೂ ಕರೆಯುತ್ತಾರೆ. ಕೋಳಿ ರೆಕ್ಕೆ ಇಳಿಬಿಟ್ಟು ತೂಕಡಿಸುವುದು, ಬಾಯಿ ತೆರೆದು ಉಸಿರೆಳೆಯುವುದು, ಹಸುರು ಬಣ್ಣದ ನೀರು ಭೇದಿ, ಕತ್ತು ತಿರುಚಿಕೊಳ್ಳುವುದು ಇದರ ಗುರುತು. ಬಂದ ಮೇಲೆ ಔಷಧವಿಲ್ಲ. ವಾರದಲ್ಲಿ ಹಟ್ಟಿಯ ಕೋಳಿಗಳೆಲ್ಲ ಖಾಲಿಯಾದಾವು. “ಗಾಳಿ ಬಡಿಯಿತು” ಎಂದು ಸುಮ್ಮನಾಗುವವರೇ ಹೆಚ್ಚು. ಬಡಿಯುವುದು ಗಾಳಿಯಲ್ಲ, ಬಹಳ ಸಲ ಸಂತೆಯಿಂದ ತಂದ ಅಗ್ಗದ ಕೋಳಿ. ಹೊಸ ಕೋಳಿಯನ್ನು ಹದಿನೈದು ದಿನ ಬೇರೆ ಕಡೆ ಮಂಕರಿಯಡಿಯಲ್ಲಿಟ್ಟು ನೋಡಿ, ಆಮೇಲೆ ಸೇರಿಸಿರಿ. ಸತ್ತದ್ದನ್ನು ಹಳ್ಳಕ್ಕೆಸೆಯದೆ, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ.

ತಡೆಗೆ ಲಸಿಕೆಯುಂಟು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಸುಮಾರು ಒಂದು ತಿಂಗಳಿಗೆ ಮತ್ತೊಮ್ಮೆ, ಎಂಟು ವಾರಕ್ಕೆ ಚುಚ್ಚುಮದ್ದು. ದೊಡ್ಡ ಕೋಳಿಗಳಿಗೆ ಸಂಕ್ರಾಂತಿ ಕಳೆದೊಡನೆ, ಬೇಸಿಗೆಗೆ ಮುನ್ನ ಹಾಕಿಸಿಕೊಳ್ಳುವುದು ಮೇಲು. ತೊಡಕು ಬೇರೆಡೆ ಇದೆ. ಒಂದು ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಕೋಳಿಗಾಗುವಷ್ಟು ಇಲ್ಲವೆ ಇನ್ನೂ ಹೆಚ್ಚಿನ ಲಸಿಕೆಯಿರುತ್ತದೆ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯ ಒಂದು ಮನೆಗಾಗಿ ಸೀಸೆ ಒಡೆದರೆ ಉಳಿದುದು ಮಣ್ಣುಪಾಲು. ಹಾಕಿಸದೆ ಬಿಟ್ಟ ನೆರೆಮನೆಯ ಕೋಳಿಯೋ ನಿಮ್ಮ ಬೇಲಿಯ ಬುಡದಲ್ಲೇ ಮೇಯುತ್ತಿರುತ್ತದೆ. ಆದುದರಿಂದ ನಿಮ್ಮ ಬೀದಿಯವರೆಲ್ಲ ಮಾತಾಡಿಕೊಂಡು, ಕೋಳಿಗಳ ಲೆಕ್ಕವನ್ನು ನನಗೆ ಬರೆದು ಕೊಡಿರಿ. ಪಶುವೈದ್ಯರು ಬರುವ ದಿನವನ್ನು ಹಿಂದಿನ ಸಂಜೆಯೇ ತಮಟೆ ಹೊಡೆಸಿ ತಿಳಿಸುತ್ತೇವೆ. ಅಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯಬೇಡಿರಿ; ಒಮ್ಮೆ ಹೊರಬಿಟ್ಟ ಕೋಳಿಯನ್ನು ಹಗಲಲ್ಲಿ ಹಿಡಿಯುವ ಪಾಡು ನಿಮಗೆ ಗೊತ್ತಿದ್ದದ್ದೇ.