ಪಶು ಆಹಾರದ ಬೆಲೆ ಏರಿದಾಗ ಕೈ ಬಿಗಿ ಹಿಡಿಯುವುದು ಎಲ್ಲಿ?



ಈಗ ಯಾವ ಸಂಘಕ್ಕೆ ಹೋದರೂ ನನ್ನ ಕಿವಿಗೆ ಮೊದಲು ಬೀಳುವುದು ರಾಸುಗಳ ಕಾಯಿಲೆಯ ಮಾತಲ್ಲ, ಬೆಲೆಯ ಮಾತು. ಅಡುಗೆ ಎಣ್ಣೆ, ಗ್ಯಾಸ್ ಸಿಲಿಂಡರು, ಮಕ್ಕಳ ಶಾಲೆಯ ಫೀಸು, ಕೂಲಿ ಎಲ್ಲವೂ ಏರಿವೆ. ಬಟವಾಡೆ ಕೈಗೆ ಬರುವ ಮೊದಲೇ ಪಶು ಆಹಾರದ ಬಾಬ್ತು ಕಡಿತವಾಗಿರುತ್ತದೆ. ಮಿಕ್ಕಿದ್ದರಲ್ಲಿ ಸಂತೆಯಾಗಬೇಕು, ಸ್ತ್ರೀಶಕ್ತಿ ಸಂಘದ ಕಂತು ಕಟ್ಟಬೇಕು. ಸಂತೆಯಲ್ಲಿ ಉಳಿಸಲು ಏನೂ ಇಲ್ಲದಾಗ ಕೊಟ್ಟಿಗೆಯಲ್ಲಿ ಉಳಿಸೋಣ ಎಂದು ಮನಸ್ಸು ಹೊರಳುವುದು ಸಹಜ. ಎರಡು ಸೇರು ಹಾಕುತ್ತಿದ್ದ ಕೈ ಒಂದೂವರೆ ಸೇರಿಗೆ ಇಳಿಯುತ್ತದೆ. ಹಸು ಬಾಯಿಬಿಟ್ಟು ಕೇಳುವುದಿಲ್ಲವಲ್ಲ.

ಆದರೆ ಅದು ಬೇರೆ ರೀತಿಯಲ್ಲಿ ಕೇಳುತ್ತದೆ. ಹೇಗೆ ಎನ್ನುವುದಕ್ಕೆ ನಾನು ಕಂಡ ಒಂದು ಮನೆಯ ಲೆಕ್ಕವನ್ನೇ ಮುಂದಿಡುತ್ತೇನೆ.

ಮೂರು ತಿಂಗಳ ಹಿಂದೆ ಒಂದು ಸಂಘದಲ್ಲಿ ತುರ್ತು ಚಿಕಿತ್ಸೆ ಮುಗಿಸಿ ಹೊರಡುವಾಗ ಸದಸ್ಯೆಯೊಬ್ಬರು ದಾರಿಗೆ ಅಡ್ಡ ನಿಂತರು. "ಡಾಕ್ಟ್ರೇ, ನನ್ನ ಹಾಲಿಗೆ ಎಸ್.ಎನ್.ಎಫ್. ಬರ್ತಿಲ್ಲ ಅಂತಾರೆ. ನೀರು ಹಾಕಿದೀಯಾ ಅನ್ನೋ ಹಾಗೆ ಮುಖ ನೋಡ್ತಾರೆ. ಇಪ್ಪತ್ತು ವರ್ಷದಿಂದ ಹಾಲು ಹಾಕ್ತಿದೀನಿ, ಒಂದು ಹನಿ ನೀರು ಬೆರೆಸಿಲ್ಲ" ಎಂದರು. ಕಣ್ಣಲ್ಲಿ ನೀರಿತ್ತು. ಹಣ ಕಡಿಮೆ ಬಂದದ್ದಕ್ಕಿಂತ ಆ ನೋಟವೇ ಅವರಿಗೆ ಹೆಚ್ಚು ನೋವು ಕೊಟ್ಟಿತ್ತು.

ಮನೆಗೆ ಹೋಗಿ ನೋಡಿದೆ. ಎರಡು ಮಿಶ್ರತಳಿ ಹಸುಗಳು. ಒಂದು ಕರು ಹಾಕಿ ಎರಡು ತಿಂಗಳು, ದಿನಕ್ಕೆ 12 ಲೀಟರ್ ಕೊಡುತ್ತಿದ್ದದ್ದು. ಇನ್ನೊಂದು ಐದು ತಿಂಗಳ ಗಬ್ಬ, 4 ಲೀಟರ್ ಕೊಡುತ್ತಿತ್ತು. ಮೊದಲು ಎರಡಕ್ಕೂ ದಿನಕ್ಕೆ ತಲಾ 5 ಕಿಲೋ ಪಶು ಆಹಾರ. ಬೆಲೆ ಏರಿದ ಮೇಲೆ ಎರಡಕ್ಕೂ ತಲಾ ಮೂರೂವರೆ ಕಿಲೋ. "ಇಬ್ಬರು ಮಕ್ಕಳಿಗೆ ಭೇದ ಮಾಡಬಾರದಲ್ಲವಾ" ಎಂದರು ಅಕ್ಕ. ಮನೆಯಲ್ಲಿ ಅದು ಸರಿ. ಗೊಂತಿನಲ್ಲಿ ಸರಿಯಲ್ಲ.

ಲೆಕ್ಕ ಸುಲಭವಾಗಲೆಂದು ಪಶು ಆಹಾರ ಕಿಲೋಗೆ 26 ರೂಪಾಯಿ, ಹಾಲು ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಮ್ಮ ಸಂಘದ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ಎರಡೂ ಹಸುಗಳಿಂದ ದಿನಕ್ಕೆ 3 ಕಿಲೋ ಉಳಿಯಿತು, ಅಂದರೆ 78 ರೂಪಾಯಿ. ತಿಂಗಳಿಗೆ ಎರಡು ಸಾವಿರದ ಮೇಲೆ. ಯಾರಿಗಾದರೂ ಆಸೆಯಾಗುವ ಮೊತ್ತವೇ.

ಆದರೆ ನಾಲ್ಕು ಲೀಟರಿನ ಹಸು ಮೂರೂವರೆ ಕಿಲೋ ತಿಂದೂ ನಾಲ್ಕು ಲೀಟರೇ ಕೊಡುತ್ತಿತ್ತು. ಅದಕ್ಕೆ ಮೊದಲು ಕೊಡುತ್ತಿದ್ದ ಐದು ಕಿಲೋ ಹೆಚ್ಚೇ ಆಗಿತ್ತು. ಹನ್ನೆರಡು ಲೀಟರಿನ ಹಸುವಿಗೆ ಐದು ಕಿಲೋವೇ ಸಾಲದೆ, ಅದು ತನ್ನ ಮೈ ಕರಗಿಸಿ ಹಾಲು ಕೊಡುತ್ತಿತ್ತು. ಮೂರೂವರೆಗೆ ಇಳಿಸಿದ ಹತ್ತು ಹದಿನೈದು ದಿನಗಳಲ್ಲಿ 10 ಲೀಟರಿಗೆ ಬಂತು. ದಿನಕ್ಕೆ 70 ರೂಪಾಯಿ ಹೋಯಿತು. ಹೊಟ್ಟೆಗೆ ಸಾಲದ ಹಸುವಿನ ಹಾಲಿನಲ್ಲಿ ಜಿಡ್ಡೇತರ ಘನಾಂಶ, ಅಂದರೆ ಎಸ್.ಎನ್.ಎಫ್. ಇಳಿಯುತ್ತದೆ. ಎರಡು ಹಸುಗಳ ಹಾಲೂ ಒಂದೇ ಪಾತ್ರೆಯಲ್ಲಿ ಹೋಗುವುದರಿಂದ ದರ ಕಡಿತ ಪೂರ್ತಿ 14 ಲೀಟರಿಗೂ ಬಿತ್ತು. ಲೀಟರಿಗೆ ಒಂದೇ ರೂಪಾಯಿ ಕಡಿತ ಎಂದರೂ 14 ರೂಪಾಯಿ. ಉಳಿದದ್ದು 78, ಹೋದದ್ದು 84. ನೀರು ಬೆರೆಸಿದ್ದಾರೆಂಬ ಅನುಮಾನವನ್ನೂ ಹೊರಬೇಕಾಗಿ ಬಂತು.

ಇಲ್ಲಿಗೇ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಕರು ಹಾಕಿದ ಆರರಿಂದ ಎಂಟನೇ ವಾರದಲ್ಲಿ ಹಸು ತನ್ನ ಗರಿಷ್ಠ ಹಾಲನ್ನು ಮುಟ್ಟುತ್ತದೆ. ಆ ಹೊತ್ತಿನಲ್ಲಿ ಒಂದು ಲೀಟರ್ ಕಳೆದುಕೊಂಡರೆ ಆ ಸೂಲಿನಲ್ಲಿ ಒಟ್ಟು ಸುಮಾರು 200 ಲೀಟರ್ ಕಳೆದುಕೊಂಡಂತೆ ಎಂಬುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಬಲ್ಲ ಅಂದಾಜು. ಮೇಲಾಗಿ ಮೈ ಇಳಿದ ಹಸು ಬೆದೆಗೆ ಬರುವುದಿಲ್ಲ. ಬಂದರೂ ಮೂಕಬೆದೆ, ಕಣ್ಣಿಗೆ ಕಾಣುವುದಿಲ್ಲ. ಒಂದು ಬೆದೆ ತಪ್ಪಿದರೆ 21 ದಿನ ಕಾಯಬೇಕು. ಮುಂದಿನ ಕರು, ಮುಂದಿನ ಸೂಲಿನ ಹಾಲು, ಎಲ್ಲವೂ ಅಷ್ಟು ದಿನ ಹಿಂದಕ್ಕೆ ಹೋಗುತ್ತವೆ. ಹಸುವಿನ ಊಟ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಬತ್ತಿದ ಹಸುವಿಗೆ ದಿನಕ್ಕೆ ಒಂದೂವರೆ ಕಿಲೋ ಪಶು ಆಹಾರವೆಂದರೂ 21 ದಿನಕ್ಕೆ 819 ರೂಪಾಯಿ. ಹುಲ್ಲು, ಕೂಲಿ ಬೇರೆ. ಎರಡು ಮೂರು ಬೆದೆ ತಪ್ಪಿದ ಮನೆಗಳನ್ನು ನಾನು ದಿನವೂ ನೋಡುತ್ತೇನೆ. ಇದು ಯಾವ ಬಟವಾಡೆ ಚೀಟಿಯಲ್ಲೂ ಬರೆದಿರುವುದಿಲ್ಲ, ಆದ್ದರಿಂದ ನಷ್ಟವೆಂದೇ ಅನಿಸುವುದಿಲ್ಲ.

ಪಶು ಆಹಾರದ ಬೆಲೆ ಏಕೆ ಹೀಗೆ ಏರುತ್ತದೆ ಎಂದು ಹಲವರು ಕೇಳುತ್ತೀರಿ. ಚೀಲದೊಳಗೆ ಇರುವುದು ಮೆಕ್ಕೆಜೋಳ, ಎಣ್ಣೆ ತೆಗೆದ ಅಕ್ಕಿ ತೌಡು, ಹತ್ತಿಕಾಳು, ಶೇಂಗಾ, ಸೋಯಾ ಹಿಂಡಿಗಳು, ಕಾಕಂಬಿ, ಲವಣಗಳು. ಇವೆಲ್ಲಕ್ಕೂ ನಮ್ಮ ಹಸುವೊಂದೇ ಗಿರಾಕಿಯಲ್ಲ. ಮೆಕ್ಕೆಜೋಳವನ್ನು ಕೋಳಿ ಸಾಕಣೆಯವರು ಮೊದಲಿನಿಂದಲೂ ಕೊಳ್ಳುತ್ತಿದ್ದರು. 2023ರ ಡಿಸೆಂಬರಿನಲ್ಲಿ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದಕ್ಕೆ ಕೇಂದ್ರ ಸರ್ಕಾರ ಮಿತಿ ಹೇರಿದ ಮೇಲೆ ಎಥೆನಾಲ್ ಕಾರ್ಖಾನೆಗಳೂ ಅದೇ ಮೆಕ್ಕೆಜೋಳಕ್ಕೆ ಕೈಚಾಚಿದವು. ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಹುಲ್ಲಿಗೂ ಹಾಹಾಕಾರವಾಯಿತು. ತೌಡಿನ ಬೆಲೆ ಹತೋಟಿಗೆ ಬರಲೆಂದು 2023ರ ಜುಲೈನಲ್ಲಿ ಎಣ್ಣೆ ತೆಗೆದ ತೌಡಿನ ರಫ್ತನ್ನು ಸರ್ಕಾರ ನಿಲ್ಲಿಸಬೇಕಾಯಿತು. 2025ರ ಕೊನೆಯಲ್ಲಿ ಮೆಕ್ಕೆಜೋಳದ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಬಿದ್ದು, ಬೆಳೆದವರು ಬೀದಿಗಿಳಿದದ್ದೂ ನಿಮಗೆ ನೆನಪಿರಬಹುದು. ಹಾಗೆಂದು ಮೆಕ್ಕೆಜೋಳ ಇಳಿದ ದಿನವೇ ಚೀಲದ ಬೆಲೆ ಇಳಿಯುವುದಿಲ್ಲ, ಚೀಲದಲ್ಲಿರುವುದು ಅದೊಂದೇ ಅಲ್ಲವಲ್ಲ. ನಮ್ಮಲ್ಲಿ ಎಷ್ಟೋ ಜನ ಮೆಕ್ಕೆಜೋಳ ಬೆಳೆಯುವವರೂ ಹೌದು, ಹಸು ಕಟ್ಟಿದವರೂ ಹೌದು. ಅವರು ಅಳಬೇಕೋ ನಗಬೇಕೋ ನನಗೆ ತಿಳಿಯದು.

ಹಾಲಿನ ದರ ಸಾಲದು ಎಂಬ ನಿಮ್ಮ ದೂರಿಗೆ ಉತ್ತರ ಕೊಡುವ ಅಧಿಕಾರ ನನಗಿಲ್ಲ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿಸಿದಾಗ ಆ ಹಣ ಉತ್ಪಾದಕರಿಗೇ ಎಂದು ಹೇಳಲಾಗಿತ್ತು. ದರದ ಪ್ರಶ್ನೆಯನ್ನು ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಎತ್ತುವುದು ನಿಮ್ಮ ಹಕ್ಕು, ಎತ್ತಲೇಬೇಕು. ನನ್ನ ಕೆಲಸ ಗೊಂತಿನ ಬಳಿ. ಅಲ್ಲಿ ಏನು ಮಾಡಬಹುದು ಎಂಬುದನ್ನು ಹೇಳುತ್ತೇನೆ.

ಪಶು ಆಹಾರವನ್ನು ತಲೆ ಲೆಕ್ಕದಲ್ಲಿ ಹಂಚಬೇಡಿ, ಹಾಲಿನ ಲೆಕ್ಕದಲ್ಲಿ ಹಂಚಿ. ಹಸುವಿನ ಮೈ ಕಾಪಾಡಲು ಒಂದೂವರೆ ಕಿಲೋ. ಅದರ ಮೇಲೆ ಹಸುವಾದರೆ ಲೀಟರ್ ಹಾಲಿಗೆ 400 ಗ್ರಾಂ, ಎಮ್ಮೆಯಾದರೆ 500 ಗ್ರಾಂ. ಈ ಲೆಕ್ಕದಂತೆ ಅಕ್ಕನ ದೊಡ್ಡ ಹಸುವಿಗೆ 6 ಕಿಲೋ 300 ಗ್ರಾಂ, ಸಣ್ಣದಕ್ಕೆ 3 ಕಿಲೋ 100 ಗ್ರಾಂ. ಒಟ್ಟು 9 ಕಿಲೋ 400 ಗ್ರಾಂ. ಇದನ್ನು ಹೇಳಿದಾಗ ಅಕ್ಕ ನಕ್ಕುಬಿಟ್ಟರು. "ಮೊದಲು ಹತ್ತು ಹಾಕ್ತಿದ್ದೆ. ಅರ್ಧ ಕಿಲೋ ಉಳಿಸೋಕೆ ಇಷ್ಟೆಲ್ಲಾ ಲೆಕ್ಕನಾ ಡಾಕ್ಟ್ರೇ?" ಅವರ ಮಾತು ನ್ಯಾಯವಾದದ್ದೇ. ಸರಿಯಾಗಿ ಹಂಚಿದರೆ ಹಾಲು ಉಳಿಯುತ್ತದೆ, ಆದರೆ ಚೀಲದ ಖರ್ಚು ಹೆಚ್ಚೇನೂ ಇಳಿಯುವುದಿಲ್ಲ. ಖರ್ಚು ಇಳಿಯಬೇಕಾದರೆ ಚೀಲದಲ್ಲಿರುವುದರ ಒಂದು ಭಾಗವನ್ನು ಹೊಲದಲ್ಲಿ ಬೆಳೆಯಬೇಕು.

ಚೀಲಕ್ಕೆ ನಾವು ಕೊಡುವ ಹಣದಲ್ಲಿ ದೊಡ್ಡ ಪಾಲು ಅದರಲ್ಲಿರುವ ಸಸಾರಜನಕಕ್ಕೆ. ಅದು ಅಲಸಂದೆ, ಕುದುರೆ ಮಸಾಲೆಯಂಥ ದ್ವಿದಳ ಮೇವಿನಲ್ಲಿ ಧಾರಾಳವಾಗಿದೆ. ಇಂಥ ಹಸಿರು ಮೇವು 7ರಿಂದ 8 ಕಿಲೋ ಕೊಟ್ಟರೆ 1 ಕಿಲೋ ಪಶು ಆಹಾರ ಕಡಿಮೆ ಮಾಡಬಹುದು. ನೇಪಿಯರ್, ಜೋಳದಂಥ ಏಕದಳ ಮೇವಾದರೆ ಅದೇ 1 ಕಿಲೋಗೆ ಸುಮಾರು 20 ಕಿಲೋ ಬೇಕು. ನಮ್ಮಲ್ಲಿ ಬಹಳ ಜನ ನೇಪಿಯರ್ ಒಂದನ್ನೇ ಹಾಕಿ "ಹಸಿರು ಮೇವು ಇದೆ" ಎಂದು ನೆಮ್ಮದಿಯಾಗಿರುತ್ತಾರೆ. ನೇಪಿಯರ್ ಬೇಕು, ಬೇಡವೆನ್ನುತ್ತಿಲ್ಲ. ಹೊಟ್ಟೆ ತುಂಬಿಸಲು ಅದಕ್ಕಿಂತ ಅಗ್ಗದ್ದಿಲ್ಲ. ಅದರ ಸಾಲುಗಳ ನಡುವೆ ಅಲಸಂದೆ ಇಲ್ಲದಿದ್ದರೆ ಚೀಲ ಕಡಿಮೆಯಾಗುವುದಿಲ್ಲ, ಅಷ್ಟೆ. ಮಳೆಯಾಶ್ರಿತ ಜಮೀನಿನವರು ಬೇಲಿಗುಂಟ ಅಗಸೆ, ಗ್ಲಿರಿಸಿಡಿಯಾ ಹಾಕಿಕೊಳ್ಳಿ. ಗ್ಲಿರಿಸಿಡಿಯಾ ಸೊಪ್ಪನ್ನು ರಾಸುಗಳು ಮೊದಲು ಮೂಸಿ ಬಿಡುತ್ತವೆ. ಅರ್ಧ ದಿನ ಬಾಡಿಸಿ, ಹುಲ್ಲಿನೊಂದಿಗೆ ಸ್ವಲ್ಪ ಸ್ವಲ್ಪ ಬೆರೆಸಿದರೆ ರೂಢಿಯಾಗುತ್ತದೆ.

ಅಕ್ಕ ತೆಂಗಿನ ಸಾಲಿನ ನಡುವೆ ಐದು ಗುಂಟೆಯಲ್ಲಿ ಅಲಸಂದೆ ಬಿತ್ತಿದರು. ಐವತ್ತು ದಿನಕ್ಕೆ ಕೊಯ್ಲಿಗೆ ಬಂತು. ದಿನಕ್ಕೆ 15 ಕಿಲೋ ಕೊಯ್ದು ಸಣ್ಣ ಹಾಲಿನ ಹಸುವಿಗೆ ರಾಗಿ ಹುಲ್ಲಿನೊಂದಿಗೆ ಕತ್ತರಿಸಿ ಹಾಕುತ್ತಾರೆ. ಆ ಹಸುವಿಗೆ 2 ಕಿಲೋ ಪಶು ಆಹಾರ ಕಡಿಮೆಯಾಗಿ, ಈಗ ದಿನಕ್ಕೆ 1 ಕಿಲೋ 100 ಗ್ರಾಂ ಸಾಕಾಗಿದೆ. ಗಬ್ಬದ ಕೊನೆಯ ಎರಡು ತಿಂಗಳಲ್ಲಿ ಇದನ್ನು ಮತ್ತೆ ಏರಿಸಬೇಕು. ದೊಡ್ಡ ಹಸುವಿನ ಪಾಲಿಗೆ ಕೈ ಹಾಕಿಲ್ಲ. ಎರಡೂ ಸೇರಿ ಈಗ 7 ಕಿಲೋ 400 ಗ್ರಾಂ, ಮೊದಲಿನ ಹತ್ತಕ್ಕೆ ಹೋಲಿಸಿದರೆ ದಿನಕ್ಕೆ 67 ರೂಪಾಯಿ ಉಳಿತಾಯ. ಕೈ ಕಟ್ಟಿ ಉಳಿಸಿದ್ದಕ್ಕಿಂತ ಹನ್ನೊಂದು ರೂಪಾಯಿ ಕಡಿಮೆ, ಆದರೆ ಇದರಲ್ಲಿ ಹಾಲು ಹೋಗಿಲ್ಲ. ಬೀಜ, ಕೊಯ್ಲಿನ ಶ್ರಮ ಇದರಲ್ಲಿ ಸೇರಿಲ್ಲ ಎಂಬುದನ್ನೂ ಹೇಳಬೇಕು. ಕೊಯ್ಲು ಅಕ್ಕನದೇ, ಬೆಳಗಿನ ಅರ್ಧ ಗಂಟೆ.

ಎರಡು ಎಚ್ಚರಿಕೆಗಳು. ಎಳೆಯ ಅಲಸಂದೆಯನ್ನು ಮಂಜಿನ ಹನಿಯೊಂದಿಗೆ ಹಸಿದ ಹೊಟ್ಟೆಗೆ ಹಾಕಿದರೆ ಹೊಟ್ಟೆಯುಬ್ಬರವಾಗುತ್ತದೆ. ಮೊದಲು ಒಣ ಹುಲ್ಲು ಹಾಕಿ. ಪಶು ಆಹಾರವನ್ನು ಏರಿಸುವುದಾದರೂ ಇಳಿಸುವುದಾದರೂ ಎರಡು ದಿನಕ್ಕೆ ಅರ್ಧ ಕಿಲೋ ಮೀರದಂತೆ ಮಾಡಿ. ಒಮ್ಮೆಲೇ ಏರಿಸಿ ಹೊಟ್ಟೆ ಕೆಡಿಸಿಕೊಂಡ ಹಸುವಿಗೆ ರಾತ್ರಿ ಹನ್ನೊಂದಕ್ಕೆ ನನ್ನನ್ನೇ ಕರೆಯುತ್ತೀರಿ.

ಭತ್ತದ ಹುಲ್ಲನ್ನೇ ನಂಬಿದವರು ಯೂರಿಯಾ ಉಪಚಾರ ಮಾಡಿಕೊಳ್ಳಬಹುದು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50ರಿಂದ 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ 21 ದಿನ ಬಿಡಬೇಕು. ತೆಗೆದ ಹುಲ್ಲನ್ನು ಸ್ವಲ್ಪ ಹೊತ್ತು ಗಾಳಿಗೆ ಹರವಿ ಹಾಕಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಯೂರಿಯಾ ನೀರು ಯಾವ ರಾಸಿನ ಬಾಯಿಗೂ ಬೀಳಬಾರದು, ಅದು ವಿಷ. ರಾಗಿ ಹುಲ್ಲಿರುವವರಿಗೆ ಇದರ ತೊಂದರೆ ಬೇಕಿಲ್ಲ. ಕತ್ತರಿಸಿ ಹಾಕಿ, ಗೊಂತಿನಲ್ಲಿ ತುಳಿದು ಹೋಗುವುದು ಉಳಿಯುತ್ತದೆ.

ಬೆಲೆ ಏರದೆ ಉಳಿದ ಆಹಾರ ಒಂದೇ, ನೀರು. ಅದನ್ನೇ ನಾವು ಅಳೆದು ಕೊಡುತ್ತೇವೆ! ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ. ನೀರು ಸಾಲದ ಹಸು ಮೇವನ್ನೂ ಕಡಿಮೆ ತಿನ್ನುತ್ತದೆ. ಗೊಂತಿನ ಪಕ್ಕ ಸಿಮೆಂಟಿನ ಸಣ್ಣ ತೊಟ್ಟಿ ಕಟ್ಟಿ ಸದಾ ನೀರಿರುವಂತೆ ಮಾಡಿದ ಮನೆಗಳಲ್ಲಿ ಬೇರೆ ಯಾವ ಬದಲಾವಣೆಯೂ ಇಲ್ಲದೆ ಹಾಲು ಏರಿದ್ದನ್ನು ಕಂಡಿದ್ದೇನೆ. ದಿನಕ್ಕೆ 50 ಗ್ರಾಂ ಲವಣ ಮಿಶ್ರಣವನ್ನೂ ಖರ್ಚು ಉಳಿಸುವ ಹೆಸರಿನಲ್ಲಿ ನಿಲ್ಲಿಸಬೇಡಿ. ಬೆದೆ ನಿಲ್ಲುವುದಕ್ಕೆ ಅದರ ಕೊರತೆಯೂ ಒಂದು ಕಾರಣ.

ಇಪ್ಪತ್ತು ವರ್ಷಗಳ ಹಿಂದೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ "ಹೆಚ್ಚು ಹಾಕಿ, ಹೆಚ್ಚು ಕರೆಯಿರಿ" ಎಂದು ಊರೂರಿನಲ್ಲಿ ಹೇಳಿಕೊಂಡು ಬಂದಿದ್ದೆ. ಚೀಲ ಅಗ್ಗವಿದ್ದ ಕಾಲಕ್ಕೆ ಆ ಮಾತು ನಡೆಯಿತು. ಯಾವ ಹಸುವಿಗೆ, ಯಾವ ತಿಂಗಳಲ್ಲಿ ಎಂದು ಬಿಡಿಸಿ ಹೇಳದೆ ಹೋದದ್ದು ನನ್ನ ತಪ್ಪು. ಎಲ್ಲಕ್ಕೂ ಸಮನಾಗಿ ಹಾಕುವ ರೂಢಿ ಬೆಳೆದದ್ದರಲ್ಲಿ ಅದರ ಪಾಲೂ ಇದೆ.

ಅಕ್ಕನ ದೊಡ್ಡ ಹಸು 11 ಲೀಟರಿಗೆ ಬಂದು ನಿಂತಿದೆ. ಆ ಹನ್ನೆರಡನೆಯ ಲೀಟರ್ ಈ ಸೂಲಿನಲ್ಲಿ ಇನ್ನು ಬರಲಾರದು. ಎಸ್.ಎನ್.ಎಫ್. ಮಾತ್ರ ಮೂರು ವಾರದೊಳಗೆ 8.5ಕ್ಕೆ ಬಂತು, ಚೀಟಿಯನ್ನು ಅಕ್ಕ ನನಗೆ ತೋರಿಸಿದರು. ಆರು ವಾರದ ಹಿಂದೆ ಹಸು ಬೆದೆಗೆ ಬಂದು ಕೃತಕ ಗರ್ಭಧಾರಣೆ ಮಾಡಿಸಿದ್ದಾರೆ. ಮತ್ತೆ ಬೆದೆ ಕಂಡಿಲ್ಲ. ಮುಂದಿನ ತಿಂಗಳು ಗರ್ಭ ಪರೀಕ್ಷೆಗೆ ಹೋಗಬೇಕು. ಅಲಸಂದೆ ಬೀಜ ಬೇಕಾದವರು ಮುಂಗಾರಿಗೆ ಮೊದಲೇ ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ಹೆಸರು ಬರೆಸಿ. ಬಿತ್ತನೆಯ ವಾರದಲ್ಲಿ ಎಲ್ಲರೂ ಒಟ್ಟಿಗೆ ಕೇಳಿದರೆ ಸಿಗುವುದು ಕಷ್ಟ.