ಕೈಗಾ ಕಣಿವೆಯ ಅಳತೆಗಾರರು

ಕಾರವಾರದಿಂದ ಕಾಳಿ ನದಿಯ ದಂಡೆ ಹಿಡಿದು ಮೂಡಣಕ್ಕೆ ಹೊರಟ ರಸ್ತೆ ಮಲ್ಲಾಪುರ, ಕದ್ರಾಗಳನ್ನು ಬಿಟ್ಟ ಮೇಲೆ ಘಟ್ಟದ ನೆರಳಿಗೆ ಸೇರುತ್ತದೆ. ಒಂದು ಬದಿಗೆ ಕದ್ರಾ ಅಣೆಕಟ್ಟಿನ ಹಿನ್ನೀರು, ಇನ್ನೊಂದು ಬದಿಗೆ ಒತ್ತಾದ ಕಾಡು. ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದರೆ ಆಚೆ ಗುಡ್ಡಕ್ಕೂ ಕೇಳುತ್ತದೆ. ಮಳೆಗಾಲದ ಮಂಜು ಸರಿದಾಗ ಈ ಹಸಿರಿನ ನಡುವೆ ಕೈಗಾ ಅಣುವಿದ್ಯುತ್ ಸ್ಥಾವರದ ಗುಮ್ಮಟಗಳು ಕಾಣುತ್ತವೆ. ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು. ಹೊಗೆಯಿಲ್ಲ, ಹಾರುಬೂದಿಯಿಲ್ಲ, ವಾಸನೆಯಿಲ್ಲ. ಇಲ್ಲಿನ ಅಪಾಯ ಕಣ್ಣಿಗೂ ಮೂಗಿಗೂ ಸಿಗುವಂಥದ್ದಲ್ಲ. ಅದನ್ನು ಉಪಕರಣ ಹಿಡಿಯಬೇಕು, ಮನುಷ್ಯ ಬರೆದಿಡಬೇಕು. ಅಳೆಯುವವರು ಯಾರು, ಅಳೆದದ್ದನ್ನು ಯಾರಿಗೆ ಹೇಳುತ್ತಾರೆ ಎಂಬುದರ ಮೇಲೆಯೇ ಈ ಕಣಿವೆಯ ನೆಮ್ಮದಿ ನಿಂತಿದೆ.

ಪಾಳಿ ಬದಲಾಗುವ ಹೊತ್ತು. ಒಳಗೆ ಹೋಗುವವರ ಎದೆಯ ಮೇಲೆ ಪುಟ್ಟ ಬ್ಯಾಡ್ಜು. ಮೈಗೆ ತಾಗಿದ ವಿಕಿರಣವನ್ನು ಅದು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಹೊರಬರುವಾಗ ಕೈಕಾಲುಗಳನ್ನು ಯಂತ್ರಕ್ಕೆ ಒಡ್ಡಿ ನಿಲ್ಲಬೇಕು. ಇಷ್ಟಾದರೂ ಬ್ಯಾಡ್ಜಿಗೆ ಕಾಣದ್ದೊಂದಿದೆ. ಕೈಗಾದ ರಿಯಾಕ್ಟರುಗಳಲ್ಲಿ ಹರಿಯುವುದು ಭಾರಜಲ. ನ್ಯೂಟ್ರಾನು ಬಡಿದು ಬಡಿದು ಅದರಲ್ಲಿ ಟ್ರಿಷಿಯಂ ಹುಟ್ಟುತ್ತದೆ. ಅದರ ಕಿರಣ ಚರ್ಮವನ್ನೂ ದಾಟಲಾರದಷ್ಟು ದುರ್ಬಲ. ಆದರೆ ಉಸಿರಿನಲ್ಲೋ ನೀರಿನಲ್ಲೋ ಒಳಗೆ ಹೋದರೆ ಮೈಯ ನೀರಿನೊಡನೆ ಬೆರೆತು ಸುತ್ತುತ್ತದೆ. ಅದನ್ನು ಹಿಡಿಯಲು ಇರುವ ದಾರಿ ಮೂತ್ರ ಪರೀಕ್ಷೆ. ಕೆಲಸಗಾರರು ಆಗಾಗ ಕೊಟ್ಟುಹೋಗುವ ಆ ಸೀಸೆಗಳು ಗುಮ್ಮಟದ ಕಾಂಕ್ರೀಟಿನಷ್ಟೇ ಮುಖ್ಯವಾದ ಕಾವಲು.

2009ರ ನವೆಂಬರ್ ಕೊನೆಯಲ್ಲಿ ಆ ಸೀಸೆಗಳೇ ಕೂಗಿ ಹೇಳಿದವು. ಒಂದನೇ ಘಟಕ ದುರಸ್ತಿಗೆಂದು ನಿಂತಿತ್ತು. ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಯಲ್ಲಿ ಇರಬಾರದಷ್ಟು ಟ್ರಿಷಿಯಂ. ಹುಡುಕುತ್ತ ಹೋದರೆ ಸಿಕ್ಕಿದ್ದು ಅವರು ನೀರು ಹಿಡಿದು ಕುಡಿಯುತ್ತಿದ್ದ ವಾಟರ್ ಕೂಲರ್! ಟ್ರಿಷಿಯಂ ತುಂಬಿದ ಭಾರಜಲ ಅದರೊಳಗೆ ಸೇರಿತ್ತು. ಯಾರೋ ಕೇಡು ಬಗೆದು ಬೆರೆಸಿದ್ದಾರೆಂದು ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಹೇಳಿದರು. ಕೆಲಸಗಾರರಿಗೆ ಹೆಚ್ಚು ನೀರು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧಿ ಕೊಟ್ಟು ಟ್ರಿಷಿಯಂ ಹೊರಹಾಕಿಸಲಾಯಿತು. ಮೈಗೆ ಹೊಕ್ಕ ಟ್ರಿಷಿಯಂ ಸುಮಾರು ಹತ್ತು ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ. ವಿಜ್ಞಾನ ಹೇಳುವ ಈ ಸಮಾಧಾನದ ಮಾತು ನಿಜವೇ. ದಣಿದು ಬಂದು ಲೋಟ ಒಡ್ಡಿದವನಿಗೆ ಅಂದು ಆದ ಅನ್ಯಾಯವೂ ಅಷ್ಟೇ ನಿಜ.

ಕಾವಲು ಎಂದಾಗ 1994ರ ಮೇ 13 ಕೂಡ ನೆನಪಾಗಬೇಕು. ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದ ಅಡಿಪದರ ಕಳಚಿತು. ಸುಮಾರು 130 ಟನ್ ಕಾಂಕ್ರೀಟು ಕೆಳಗೆ ಬಿತ್ತು. ಒಳಗೆ ಇಂಧನ ಇರಲಿಲ್ಲ, ಬದುಕಿದೆವು. ಆಗ ಅಣುಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದವರು ಎ. ಗೋಪಾಲಕೃಷ್ಣನ್. ಮಂಡಳಿಗೆ ನಿಜವಾದ ಸ್ವಾತಂತ್ರ್ಯ ಬೇಕೆಂದು ಅವರು ಹುದ್ದೆ ಬಿಟ್ಟ ಮೇಲೂ ಹೇಳುತ್ತಲೇ ಬಂದರು. ಅವರ ಅಳಲಿಗೆ ಕಾರಣ ಸರಳ. 1983ರಲ್ಲಿ ಹುಟ್ಟಿದ ಮಂಡಳಿ ವರದಿ ಒಪ್ಪಿಸಬೇಕಾಗಿದ್ದುದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಸ್ಥಾವರ ನಡೆಸುವ ಎನ್‌ಪಿಸಿಐಎಲ್ ಕೂಡ ಅದೇ ಇಲಾಖೆಯದು. ಒಂದೇ ಮನೆಯವರು ಅಡುಗೆ ಮಾಡಿ, ತಾವೇ ಉಂಡು, ರುಚಿ ಹೇಳಿದ ಹಾಗೆ. 2012ರಲ್ಲಿ ಮಹಾಲೇಖಪಾಲರ ವರದಿಯೂ ಇದೇ ಕೊರತೆಯತ್ತ ಬೆರಳು ತೋರಿತು. ಫುಕುಶಿಮಾ ದುರಂತದ ನಂತರ, ಅಣುಶಕ್ತಿ ನಿಯಂತ್ರಣಕ್ಕೆ ಶಾಸನದ ಬಲ ಕೊಡಲು 2011ರಲ್ಲಿ ಬಂದ ಮಸೂದೆ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ‘ಶಾಂತಿ’ ಕಾಯ್ದೆ ಮಂಡಳಿಗೆ ಕೊನೆಗೂ ಶಾಸನದ ಆಸರೆ ಕೊಟ್ಟಿದೆ. ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದದ್ದೂ ಅದೇ ಕಾಯ್ದೆ. ಇನ್ನು ಮುಂದೆ ಮಂಡಳಿಯ ಬೆನ್ನುಮೂಳೆ ಮೊದಲಿಗಿಂತ ಗಟ್ಟಿಯಾಗಿರಬೇಕು.

ಬೇಲಿಯ ಹೊರಗೂ ಅಳತೆ ನಡೆಯುತ್ತದೆ. ಪರಿಸರ ಸಮೀಕ್ಷಾ ಪ್ರಯೋಗಾಲಯದವರು ಸುತ್ತಲಿನ ನೀರು, ಮಣ್ಣು, ಹಾಲು, ಮೀನು, ತರಕಾರಿಗಳ ಮಾದರಿ ಒಯ್ಯುತ್ತಾರೆ. ಸ್ಥಾವರದಿಂದಾಗಿ ಊರಿನವರಿಗೆ ವರ್ಷಕ್ಕೆ ಒಂದು ಮಿಲಿಸೀವರ್ಟ್ ದಾಟಬಾರದು ಎಂಬುದು ಮಿತಿ. ಮಣ್ಣು, ಕಲ್ಲು, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ಹೇಗೂ ಸಿಗುವ ಪಾಲು ಜಗತ್ತಿನ ಸರಾಸರಿಯಲ್ಲಿ 2.4 ಮಿಲಿಸೀವರ್ಟ್. ಸ್ಥಾವರದ ಪಾಲು ಮಿತಿಗಿಂತ ಎಷ್ಟೋ ಕೆಳಗಿದೆ ಎನ್ನುತ್ತವೆ ಅಧಿಕೃತ ವರದಿಗಳು. ಹಾಗಿದ್ದರೆ ಆ ಅಂಕಿಗಳು ಇಂಗ್ಲಿಷ್ ವರದಿಯ ಪುಟಗಳಿಂದಿಳಿದು, ಹಾಲು ಮೀನು ಕೊಟ್ಟ ಮನೆಯವರಿಗೆ ಕನ್ನಡದಲ್ಲಿ, ಕೊಂಕಣಿಯಲ್ಲಿ ಸಿಗಲಿ. ಪಂಚಾಯಿತಿ ಕಚೇರಿಯ ಗೋಡೆಯಲ್ಲಿ ಅಷ್ಟು ಜಾಗ ಇದ್ದೇ ಇದೆ.

ಸ್ಥಾವರದ ಸುತ್ತ 16 ಕಿಲೋಮೀಟರಿನ ತುರ್ತು ವಲಯವಿದೆ. ಎರಡು ವರ್ಷಕ್ಕೊಮ್ಮೆ ಊರುಗಳಲ್ಲಿ ಅಣಕು ಕಾರ್ಯಾಚರಣೆ. ಅಧಿಕಾರಿಗಳ ಜೀಪು, ಪೊಲೀಸರು, ಜನರನ್ನು ಸಾಗಿಸುವ ಬಸ್ಸು, ಅಯೋಡಿನ್ ಮಾತ್ರೆಯ ಲೆಕ್ಕ. ಈ ಮಾತ್ರೆ ಕಾಯುವುದು ಥೈರಾಯ್ಡ್ ಗ್ರಂಥಿಯೊಂದನ್ನೇ. ಅದೂ ವಿಕಿರಣದ ಅಯೋಡಿನ್ ಒಳಸೇರುವ ಮುಂಚೆ, ತಪ್ಪಿದರೆ ಸೇರಿದ ಕೆಲವೇ ಗಂಟೆಗಳಲ್ಲಿ ನುಂಗಿದರೆ. ಈಗ ತಲಾ 700 ಮೆಗಾವಾಟಿನ ಐದು, ಆರನೇ ಘಟಕಗಳಿಗೂ ಇದೇ ಕಣಿವೆಯಲ್ಲಿ ಕೆಲಸ ನಡೆದಿದೆ. ಆದ್ದರಿಂದ ಅಣಕು ಕಾರ್ಯಾಚರಣೆಯೊಂದನ್ನು ಆಷಾಢದ ಮಳೆಯ ರಾತ್ರಿಯಲ್ಲೂ ಮಾಡಿ ನೋಡಬೇಕು: ಕರೆಂಟು ಹೋಗಿ, ಮೊಬೈಲು ಸತ್ತು, ಘಟ್ಟದ ರಸ್ತೆಗೆ ಮರ ಬಿದ್ದಿರುವಾಗ ಆ ಮಾತ್ರೆ ಕಾಡಿನಂಚಿನ ಕೊನೆಯ ಮನೆಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಗಡಿಯಾರ ಹಿಡಿದು ಅಳೆಯಬೇಕು.